ಬೆಳ್ಳಿ ಕಣ್ಣಿನ ತಟ್ಟೆ

ಬಾಕರ್ರಾ, ಇಲೋಕೋಸ್ ನಾರ್ತೆ
ನವೆಂಬರ್ 9, 1979

ಪ್ರೀತಿಯ ಮಗಳು ಮೆನಿಂಗ್‌ಗೆ ನಿನ್ನ ತಾಕ್ಯೊ ಚಿಕ್ಕಪ್ಪ ತಲೆ ಮೇಲೆ ಕೈಯಿಟ್ಟು ಬರೆಯುವುದು.

ಹೇಗಿದ್ದೀಯ ತಾಯಿ? ಅನಾನಸು ಕಾರ್ಖಾನೆಯ ಕೆಲಸದಲ್ಲಿ ಬೆರಳ ಸಂದೆಲ್ಲ ಬಿರಿದು ಉರಿಯುತ್ತದೆ ಅಂತ ಬರೆದಿದ್ದೆ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಹಳೆ ಬಟ್ಟೆ ಸುತ್ತಿಕೋ. ಹವಾಯಿಯಲ್ಲಿ ಅದಕ್ಕೆ ಮುಲಾಮು ಸಿಗುತ್ತದೆ ಅಂತೀಯ, ಸಿಗಲಿ, ಆದರೂ ಎಣ್ಣೆ ಹಚ್ಚು. ಅಳಿಯಂದಿರು, ಮಕ್ಕಳು ಆರೋಗ್ಯವೇ? ನಾವಿಲ್ಲಿ ಚೆನ್ನಾಗಿದ್ದೇವೆ. ಅಂದರೆ ನಾನು ಚೆನ್ನಾಗಿದ್ದೇನೆ. ಈ ವಯಸ್ಸಿಗೂ ಕಬ್ಬನ್ನು ಹಲ್ಲಿನಲ್ಲೇ ಸಿಗಿದು ತಿನ್ನುವ ಗಂಡಸು ಈ ಬೀದಿಯಲ್ಲಿ ನಾನೊಬ್ಬನೇ. ನಿನ್ನ ಚಿಕ್ಕಮ್ಮ ತೇಲಾ ಮಾತ್ರ ಮಂಡಿನೋವು ಅಂತ ಹಗಲೆಲ್ಲ ನರಳುತ್ತಾಳೆ. ನನ್ನನ್ನು ಬೈಯುವುದಕ್ಕೆ ಎದ್ದು ಬರುವಾಗ ಮಾತ್ರ ಆ ಮಂಡಿಗೆ ಏನೂ ಆಗಿರುವುದಿಲ್ಲ. ಸತ್ತವರ ದಿನ ನಿಮ್ಮಮ್ಮನ ಸಮಾಧಿಗೆ ಸುಣ್ಣ ಬಳಿದು, ಅಂಟಕ್ಕಿ ಕಡುಬು, ಕಬ್ಬಿನ ಹೆಂಡ, ಎಲೆ ಅಡಿಕೆ ಎಲ್ಲ ಇಟ್ಟು ಬಂದೆವು. ನಿನ್ನ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚಿದ್ದೇನೆ. ಗಾಳಿಗೆ ಎಲ್ಲರದೂ ಆರಿತು, ನಿನ್ನದು ಆರಲಿಲ್ಲ. ಇದು ಉಬ್ಬಿಸಿ ಹೇಳಿದ್ದಲ್ಲ, ತೇಲಾಳನ್ನು ಬೇಕಾದರೆ ಕೇಳು.

ನಿನ್ನ ಪತ್ರ ಬಂತು. ಎರಡು ಸಲ ನಾನು ಓದಿಕೊಂಡೆ, ಮೂರನೆಯ ಸಲ ತೇಲಾಗೆ ಓದಿ ಹೇಳುವಾಗ ನಡುವೆ ಕೆಮ್ಮು ಬಂದು ನಿಲ್ಲಿಸಿದೆ. ನಿಮ್ಮಪ್ಪ, ನನ್ನ ಅಣ್ಣ, ಊಟ ಬಿಟ್ಟಿದ್ದಾನೆ, ಸಂಜೆಯಾದರೆ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಸತ್ತುಹೋದ ನಿಮ್ಮಮ್ಮನ ಹೆಸರು ಹಿಡಿದು “ರೊಸೆಂದಾ ಕರೆದಳಾ?” ಅಂತ ಕೇಳುತ್ತಾನೆ, ನಿನ್ನ ಮುಖ ನೋಡಿ “ನೀನು ಯಾರ ಪೈಕಿಯವಳಮ್ಮ?” ಅನ್ನುತ್ತಾನೆ ಅಂತ ಬರೆದಿದ್ದೀಯ. ಕ್ರಿಸ್ಪುಲೊ! ಎಮ್ಮೆಯ ಕಿವಿ ಹಿಡಿದು ತಿರುಗಿಸುತ್ತಿದ್ದ ಮನುಷ್ಯ. ಅವನ ಹತ್ತಿರ ಇದ್ದ, ನಿಮ್ಮಮ್ಮನ ಮಾತು ಕೆತ್ತಿದ ರಟ್ಟಿನ ಗ್ರಾಮಫೋನ್ ತಟ್ಟೆ ಹಾಕಿ ಹಾಕಿ ಸವೆದು, ಈಗ ಅಕ್ಕಿ ಕೇರಿದ ಸದ್ದು ಬಿಟ್ಟರೆ ಬೇರೇನೂ ಬರುವುದಿಲ್ಲವಂತೆ. “ಚಿಕ್ಕಪ್ಪ, ಮನೆಗೆ ಅಂತ ಇಟ್ಟುಕೊಂಡಿದ್ದ ಇನ್ನೊಂದು ತಟ್ಟೆ ನಿಮ್ಮಲ್ಲೇ ಇರಬೇಕು. ಅಮ್ಮನ ಧ್ವನಿ ಒಂದು ಸಲ ಕಿವಿಗೆ ಬಿದ್ದರೆ ಅಪ್ಪ ಎರಡು ತುತ್ತು ತಿಂದಾರು. ಹುಡುಕಿ, ನಾನು ಕಳಿಸಿದ ಕ್ಯಾಸೆಟ್ ಯಂತ್ರದಲ್ಲಿ ಹಿಡಿದು ಕಳಿಸಿ, ತಡಮಾಡಬೇಡಿ” ಅಂದಿದ್ದೀಯ. ತಡಮಾಡಲಿಲ್ಲ ಮಗಳೇ. ಆದರೆ ಅದರ ಕಥೆ ಸಣ್ಣದಲ್ಲ, ನಿಧಾನವಾಗಿ ಓದು.

ಈ ಪ್ರಾಂತ್ಯದಲ್ಲಿ ಮಾತು ಕೆತ್ತುವ ಯಂತ್ರ ಮೊದಲು ತಂದವನು ನಾನು ಅನ್ನುವುದು ನಿನಗೆ ಗೊತ್ತೇ ಇದೆ. ಲಾವೋಗ್ ಪೇಟೆಯವರು ಬೇರೆ ಹೇಳುತ್ತಾರೆ, ಹೇಳಿಕೊಳ್ಳಲಿ. ಯುದ್ಧ ಮುಗಿದು ಅಮೆರಿಕನ್ನರು ಪಾಳೆಯ ಕೀಳುವಾಗ ಒಂದು ಹಂದಿ, ಎರಡು ಜಾಡಿ ಹೆಂಡ ಕೊಟ್ಟು ಆ ಯಂತ್ರ ಇಳಿಸಿಕೊಂಡೆ. ಹಂದಿ ಕುಂಟು ಅಂತ ಅವರಿಗೆ ಆಮೇಲೆ ಗೊತ್ತಾಗಿರಬೇಕು. ಹವಾಯಿ ತೋಟಕ್ಕೆ ಹೋದ ಗಂಡ, ಮಗ, ತಮ್ಮ ಇಲ್ಲದ ಮನೆ ಆಗ ಯಾವುದಿತ್ತು? ಎಲ್ಲರೂ ನನ್ನ ಅಂಗಡಿಗೆ ಬರುತ್ತಿದ್ದರು. ಕರಿ ಅರಗು ಬಳಿದ ತಟ್ಟೆ ತಿರುಗುತ್ತಿತ್ತು, ಅವರು ಕೊಳವೆಗೆ ಮುಖ ಕೊಟ್ಟು ಮಾತಾಡುತ್ತಿದ್ದರು, ಸೂಜಿ ಅರಗನ್ನು ಗೀರಿ ಗೀರಿ ಕೂದಲಿನಂಥ ಕರಿ ನೂಲು ಹೊರಗೆ ತಳ್ಳುತ್ತಿತ್ತು. ಆಡಿದ ಮಾತು ತಟ್ಟೆಯಲ್ಲಿ, ಮಾತಿನ ಸಿಪ್ಪೆ ನೆಲದ ಮೇಲೆ. ಸಂಜೆ ತೇಲಾ ಆ ನೂಲನ್ನೆಲ್ಲ ಗುಡಿಸಿ ಮೂಲೆಗೆ ಹಾಕಿದರೆ ನಾನು ಬೀಡಿ ತೋರಿಸುತ್ತಿದ್ದೆ, ಬುಸ್ ಅಂತ ಒಂದೇ ಉಸಿರಿಗೆ ಉರಿದುಹೋಗುತ್ತಿತ್ತು. ಅದನ್ನು ನೋಡಿ ನೀನು ಕಿರುಚುತ್ತಿದ್ದೆ.

ಮೇಲೆ ಅರಗು ಒಂದೇ ಆದರೂ ಒಳಗಿನ ಹಲಗೆ ಒಂದೊಂದು ತರ. ಅಂಚೆಯಲ್ಲಿ ಹೋಗಬೇಕಾದದ್ದಕ್ಕೆ ರಟ್ಟು. ಹಗುರ, ಒಡೆಯುವುದಿಲ್ಲ, ಆದರೆ ಬೇಗ ಸವೆಯುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಲ್ಯೂಮಿನಿಯಂ. ಯುದ್ಧದಲ್ಲಿ ಅಲ್ಯೂಮಿನಿಯಂ ಎಲ್ಲ ವಿಮಾನಕ್ಕೆ ಹೋಗಿದ್ದರಿಂದ ಗಾಜಿನ ಮೇಲೆ ಅರಗು ಬಳಿದು ಮಾಡಿದ್ದವೂ ಒಂದಷ್ಟು ಯಂತ್ರದ ಜೊತೆ ಬಂದಿದ್ದವು. ಗಾಜಿನದು ಎಲ್ಲಕ್ಕಿಂತ ಮೇಲು. ಸೊಳ್ಳೆ ಹಾರಿದರೆ ಸೊಳ್ಳೆಯನ್ನೂ ಹಿಡಿಯುತ್ತಿತ್ತು. ಕೈತಪ್ಪಿದರೆ ಮಾತ್ರ ಮುಗಿಯಿತು.

ನಿಮ್ಮಪ್ಪ ಹವಾಯಿಗೆ ಹೋದ ಹೊಸದರಲ್ಲಿ ಅವನಿಂದ ಒಂದು ಕಾಗದ ಬಂತು. ನಿದ್ದೆ ಬರುವುದಿಲ್ಲ, ಊಟ ರುಚಿಸುವುದಿಲ್ಲ, ಮೈ ಇಲ್ಲಿದೆ, ಇನ್ನೇನೋ ಬಂದಿಲ್ಲ ಅನ್ನಿಸುತ್ತದೆ ಅಂತ. ಓದಿದ ತಕ್ಷಣ ಊರಿನ ಮುದುಕಿಯರಿಗೆಲ್ಲ ಅರ್ಥವಾಯಿತು. ಹಡಗು ಹತ್ತುವಾಗ ಅವನ ಹಿಂದೆ ನಿಂತು ಯಾರೂ ಜೀವ ಕರೆದಿರಲಿಲ್ಲ. ನೀನು ಅಮೆರಿಕದ ನೀರು ಕುಡಿದವಳು, ಮರೆತಿರಬಹುದು. ಚಿಕ್ಕಂದಿನಲ್ಲಿ ಹೊಳೆಗೆ ಬಿದ್ದು ಬೆದರಿದಾಗ ನಿಮ್ಮಮ್ಮ ದಡದಲ್ಲೇ ನಿಂತು ತಲೆವಸ್ತ್ರ ಬೀಸಿ “ಮೆನಿಂಗ್, ಬಾ, ಹೋಗೋಣ, ಹಿಂದೆ ಉಳೀಬೇಡ” ಅಂತ ಕರೆದಳಲ್ಲ, ಅದು. ಬೆದರಿದ ಜಾಗದಲ್ಲಿ ಜೀವ ಕೂತುಬಿಡುತ್ತದೆ. ಹೆಸರು ಹಿಡಿದು ಕರೆದರೆ ಮಾತ್ರ ಎದ್ದು ಮೈಯ ಹಿಂದೆ ಬರುತ್ತದೆ. ಕ್ರಿಸ್ಪುಲೊನ ಜೀವ ಅರ್ಧ ದಾರಿಯಲ್ಲಿ ಎಲ್ಲೋ ಕೂತಿದೆ, ಹೆಂಡತಿಯೇ ಕರೆಯಬೇಕು ಅಂದರು. ಹೆಂಡತಿ ಇಲ್ಲಿ, ಗಂಡ ಸಮುದ್ರದ ಆಚೆ. ಆಗ ಊರಿಗೆ ಬುದ್ಧಿ ಹೇಳಿದವನು ಯಾರು? ನಾನು. “ಅತ್ತಿಗೇ, ನನ್ನ ಯಂತ್ರದಲ್ಲಿ ಕರೀರಿ. ನಿಮ್ಮ ಕೂಗು ಅಂಚೇಲಿ ಹೋಗಿ ಅವನ ಕಿವೀಲಿ ಇಳಿಯುತ್ತೆ” ಅಂದೆ. ಪಾದ್ರಿ ನಕ್ಕರು, ಆಮೇಲೆ ಅವರೇ ಬಂದು ಅಂಗಡಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಎರಡು ಸಲ ಮಾತಾಡಿದಳು ರೊಸೆಂದಾ. ಒಂದರಿಂದ ಇನ್ನೊಂದನ್ನು ತೆಗೆಯುವ ಸೌಕರ್ಯ ನನ್ನ ಯಂತ್ರಕ್ಕಿರಲಿಲ್ಲ, ಎರಡು ತಟ್ಟೆ ಬೇಕಾದರೆ ಎರಡು ಸಲ ಬಾಯಿ ಬಿಡಬೇಕು. ಮೊದಲನೆಯದು ರಟ್ಟಿನ ಮೇಲೆ, ಅದು ನಿಮ್ಮಪ್ಪನಿಗೆ ಹೋಯಿತು. ಎರಡನೆಯದು ಮನೆಗೆ. ಅತ್ತಿಗೆಗೆ ಅಂತ ನನ್ನಲ್ಲಿದ್ದ ಒಳ್ಳೆ ಗಾಜಿನ ತಟ್ಟೆಯನ್ನೇ ತೆಗೆದಿದ್ದೆ, ಅದು ನನಗೆ ನೆನಪಿತ್ತು. ಅವಳು ಅದನ್ನು ಯಾವತ್ತೂ ಹಾಕಿ ಕೇಳಲಿಲ್ಲ. ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿ, ಅದರ ಕರಿ ಹೊಳಪನ್ನೇ ಕನ್ನಡಿ ಮಾಡಿಕೊಂಡು ತಲೆ ಬಾಚುತ್ತಿದ್ದಳು. ಆಮೇಲೆ ಕೆಮ್ಮು ಬಂತು, ಅವಳು ಹೋದಳು, ತಟ್ಟೆ ನನ್ನ ಪೆಟ್ಟಿಗೆ ಸೇರಿತು.

ಆ ಪೆಟ್ಟಿಗೆಯನ್ನು ನಾವು ಮೊನ್ನೆ ತೆಗೆದೆವು. ಹೋದ ವರ್ಷದ ಬಿರುಗಾಳಿಯಲ್ಲಿ ಹೊಳೆ ಮನೆಯ ಕೆಳಗೆ ನುಗ್ಗಿತ್ತು ಅಂತ ಬರೆದಿದ್ದೆನಲ್ಲ. ತಟ್ಟೆಗಳ ಮೇಲೆ ಅಂಟಿಸಿದ್ದ ಚೀಟಿ ಒಂದೂ ಉಳಿದಿಲ್ಲ. ಯಾರ ಮದುವೆ, ಯಾರ ಮಾತು, ಯಾವ ವರ್ಷ, ಎಲ್ಲ ಕೆಸರಿಗೆ. ಎಲ್ಲವೂ ಒಂದೇ ಗಾತ್ರ, ಒಂದೇ ಕಪ್ಪು, ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ. ಅರಗಿನಲ್ಲಿ ಹರಳೆಣ್ಣೆ ಇರುತ್ತದೆ, ವರ್ಷ ಕಳೆದ ಹಾಗೆ ಅದು ಬೆವರಿ ಹೀಗೆ ಹೊರಗೆ ಬರುತ್ತದೆ, ಅರಗು ಒಣಗಿ ಕೆರೆಯ ತಳದ ಹಾಗೆ ಬಿರಿಯುತ್ತದೆ. ಒಂದನ್ನು ಪರೀಕ್ಷೆಗೆ ಅಂತ ಹಾಕಿದೆ. ಯಾವುದೋ ಮದುವೆಯ ಹಾಡು. ಸೂಜಿ ನಾಲ್ಕು ಸುತ್ತು ಹೋಗುವಷ್ಟರಲ್ಲಿ ಅರಗು ಕಿತ್ತು ಹಪ್ಪಳದ ಹಾಗೆ ಮೇಲೆದ್ದಿತು, ಮದುವೆ ಅಲ್ಲಿಗೇ ನಿಂತಿತು. ಆಗ ನನಗೆ ಒಂದು ವಿಷಯ ಖಚಿತವಾಯಿತು. ಯಾವ ತಟ್ಟೆಯೇ ಆಗಲಿ ಒಂದು ಸಲ ಮಾತಾಡುತ್ತದೆ, ಅಷ್ಟೇ. ಹಾಕಿ ಹಾಕಿ ಹುಡುಕುವ ಹಾಗಿಲ್ಲ. ಹಲಗೆ ನೋಡಿ ಹುಡುಕಬೇಕು.

ಅಲ್ಲಿ ನಿನ್ನ ಚಿಕ್ಕಪ್ಪನನ್ನು ಸೋಲಿಸುವವರು ಯಾರು? ಅಂಗಳದಲ್ಲಿ ಚಾಪೆ ಹಾಸಿ ಕೂತೆ. ಅಕ್ಕಪಕ್ಕದವರೆಲ್ಲ ಬಂದು ನಿಂತರು, ನಿಂತಿದ್ದರಿಂದ ನಾನು ಇನ್ನೂ ಸ್ವಲ್ಪ ಜೋರಾದೆ ಅಂತ ಇಟ್ಟುಕೋ. “ನೋಡ್ರಯ್ಯ, ತಟ್ಟೆಯ ಮುಖ ಸುಳ್ಳು ಹೇಳುತ್ತೆ. ನಡುವಿನ ತೂತು ನೋಡ್ಬೇಕು, ಅಲ್ಲಿ ಅರಗು ಸರಿಯಾಗಿ ಕೂತಿರಲ್ಲ, ಒಳಗಿನದು ಕಾಣುತ್ತೆ. ಕಂದು ಕಂಡ್ರೆ ರಟ್ಟು. ಬೆಳ್ಳಿ ಕಂಡ್ರೆ ಅಲ್ಯೂಮಿನಿಯಂ. ಎರಡೂ ಇಲ್ದೆ ಕತ್ತಲೆ ಕಂಡ್ರೆ ಗಾಜು” ಅಂತ ಪಾಠ ಹೇಳುತ್ತ, ಒಂದೊಂದನ್ನೇ ಕಣ್ಣಿಗೆ ಹಿಡಿದು, ಇಸ್ಪೀಟು ಹಂಚುವ ಹಾಗೆ ಮೂರು ಗುಡ್ಡೆ ಮಾಡಿದೆ. ರಟ್ಟಿನವು ನೀರಿಗೆ ಉಬ್ಬಿ ಹಲಸಿನ ಎಲೆಯ ಹಾಗೆ ಮುರುಟಿದ್ದವು. ಗಾಜಿನವು ಒಂದು ಕೈಗೆ ಸಿಗುವಷ್ಟೇ. ಉಳಿದದ್ದೆಲ್ಲ ಅಲ್ಯೂಮಿನಿಯಂ, ದೊಡ್ಡ ಗುಡ್ಡೆ. ನಿಂತವರಲ್ಲಿ ಪಾತ್ರೆ ಎರೆಯುವ ಅಗಾಪಿತೊ ಇದ್ದ. ಯುದ್ಧದಲ್ಲಿ ಬಿದ್ದ ವಿಮಾನ ಕರಗಿಸಿ ಊರಿಗೆಲ್ಲ ಅನ್ನದ ಪಾತ್ರೆ ಮಾಡಿಕೊಟ್ಟವನು. “ತಾಕ್ಯೊ ಮಾಮ, ಆ ಗುಡ್ಡೆ ನಿಮಗ್ಯಾಕೆ? ಕೊಡಿ, ನಿಮಗೊಂದು ಹೊಸ ಪಾತ್ರೆ ಎರೆದು ಕೊಡ್ತೀನಿ” ಅಂದ. ರೊಸೆಂದಾಳದು ಗಾಜು ಅಂತ ನನಗೆ ಗೊತ್ತಿತ್ತಲ್ಲ. ಆ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಇದ್ದವರ ಮನೆಮಂದಿಯೆಲ್ಲ ಹವಾಯಿಗೋ ಸಮಾಧಿಗೋ ಹೋಗಿದ್ದಾರೆ, ಕೇಳಿಕೊಂಡು ಬರುವವರಿಲ್ಲ. “ತಗೊಂಡು ಹೋಗೋ” ಅಂದೆ. ನಾನೇ ಚೀಲಕ್ಕೆ ತುಂಬಿ, ನಾನೇ ಅವನ ಬೆನ್ನಿಗೆ ಎತ್ತಿಕೊಟ್ಟೆ.

ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಹಾಕಿದೆ. ಒಂದರಲ್ಲಿ ಬೇಸಾಯದ ಲೆಕ್ಕ ಹೇಳುವ ಗಂಡಸು, ಒಂದರಲ್ಲಿ ಕ್ರಿಸ್ಮಸ್ ಹಾಡು, ಒಂದರಲ್ಲಿ ಯಾರೋ ಹೆಂಗಸು ಬರೀ ಅಳುತ್ತಿದ್ದಳು, ಮಾತೇ ಇಲ್ಲ. ರೊಸೆಂದಾ ಇಲ್ಲ. ಕೊನೆಯದನ್ನೂ ಇಳಿಸಿದೆ. ತೇಲಾ ಅಡುಗೆಮನೆಯಿಂದ ಬಂದಳು, ಮಂಡಿ ಆಗ ಸರಿಯಾಗಿತ್ತು. “ಏನ್ರೀ ಮೇಷ್ಟ್ರೆ, ಪಾಠ ಮುಗೀತಾ?” ಅಂದಳು. “ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೋರು ತೂತು ನೋಡಿ ಲೋಕ ಹೇಳ್ತೀರಲ್ಲ. ಅಕ್ಕನ ತಟ್ಟೆ ಗಾಜಲ್ಲ ಅಂತ ನಾನು ಅವತ್ತೇ ಹೇಳಿದ್ರೆ ಕೇಳ್ತಿದ್ರಾ? ಮೊಳೆಗೆ ಹಾಕಿದ್ದಾಗ ಗಾಳಿ ಬಂದ್ರೆ ಕಿರ್ ಕಿರ್ ಅಂತ ತಗಡು ಉಜ್ಜಿದ ಸದ್ದು ಬರ್ತಿತ್ತು. ನಾನು ಎಷ್ಟು ಸಲ ಕೇಳಿದೀನಿ. ಅದರ ಕಣ್ಣಲ್ಲಿ ಬೆಳ್ಳಿ ಬಳೆ ಇತ್ತು ಕಣ್ರೀ!”

ಬೆಳ್ಳಿ ಬಳೆ. ಆ ಮಾತು ಕೇಳಿ ಮೊದಲು ನನಗೆ ನಗು ಬಂತು. ತಗಡಂತೆ, ಬಳೆಯಂತೆ, ಹೆಂಗಸರ ಲೆಕ್ಕ ಅಂದುಕೊಂಡೆ. ಆಮೇಲೆ ನೆನಪಾಯಿತು. ಮೆನಿಂಗ್, ಗಾಜಿನ ತೂತು ಯಂತ್ರದ ನಡುವಿನ ಕಂಬಿಗೆ ತಾಗಿ ತಾಗಿ ಚೂರೇಳುತ್ತದೆ ಅಂತ ಕೆಲವು ಗಾಜಿನ ತಟ್ಟೆಗಳ ನಡುವಿಗೆ ಲೋಹದ ಸಣ್ಣ ಬಳೆ ಕೂರಿಸಿರುತ್ತಿದ್ದರು. ನನಗೆ ಬಂದದ್ದರಲ್ಲಿ ಅಂಥದ್ದು ತೀರಾ ಸ್ವಲ್ಪ. ಎಲ್ಲಕ್ಕಿಂತ ಒಳ್ಳೆಯದು ಅಂತ ಆರಿಸಿ ನಿಮ್ಮಮ್ಮನಿಗೆ ಕೊಟ್ಟದ್ದು ಅದನ್ನೇ. ತೇಲಾ ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಮೈ ಗಾಜು, ಕಣ್ಣು ಲೋಹ. ನಾನು ಕಣ್ಣು ಮಾತ್ರ ನೋಡಿದ್ದೆ. ಬೆಳ್ಳಿ ಕಂಡ ತಕ್ಷಣ ಆ ಕಡೆಗೆ ಎಸೆದಿದ್ದೆ. ತೂಕ ನೋಡಬೇಕಿತ್ತು, ಉಗುರಲ್ಲಿ ತಟ್ಟಬೇಕಿತ್ತು, ಅಂಚನ್ನು ಬೆಳಕಿಗೆ ಹಿಡಿಯಬೇಕಿತ್ತು. ಜನ ನೋಡುತ್ತಿದ್ದರಲ್ಲ, ನಾನು ಇಸ್ಪೀಟು ಹಂಚುತ್ತಿದ್ದೆ.

ಅಗಾಪಿತೊನ ಕುಲುಮೆಗೆ ಓಡಿದೆ. ಓಡಿದೆ ಅಂದರೆ ಓಡಿಯೇ ಓಡಿದೆ, ತೇಲಾ ನನ್ನ ಹಿಂದೆಯೇ. ಹೋಗುವಷ್ಟರಲ್ಲಿ ಅವನು ತಟ್ಟೆಗಳನ್ನು ಇಕ್ಕಳದಲ್ಲಿ ಹಿಡಿದು ಅರಗು ಸುಡುವ ಕೆಲಸ ಮುಗಿಸಿಯಾಗಿತ್ತು. ಬೆಂಕಿ ಸೋಕಿದರೆ ಸಾಕು ಬುಸ್ ಅಂದುಬಿಡುತ್ತದೆ ಮಾಮ, ಎಂಥಾ ಮಜಾ ಅಂತ ಅವನೇ ಹೇಳಿದ. ಬೋಳು ತಗಡುಗಳನ್ನು ಮಂಡಿಯ ಮೇಲೆ ಮಡಿಚಿ ಮಡಿಚಿ ಮೂಸೆಗೆ ಹಾಕಿದ್ದ. ಕೆಂಪಗೆ ಕುದಿಯುತ್ತಿತ್ತು. ಅದರಲ್ಲಿ ಯಾರ್ಯಾರು ಇದ್ದರೋ. ನಾನು ಆ ಮೂಸೆ ನೋಡುತ್ತ ನಿಂತುಬಿಟ್ಟೆ. “ಮಡಿಚೋಕೆ ಬರದೇ ಇರೋದು ಯಾವುದಾದ್ರೂ ಇತ್ತೇನೋ?” ಅಂತ ತೇಲಾ ಕೇಳಿದಳು. ಅವನು ತಲೆ ಕೆರೆದುಕೊಂಡ. “ಒಂದು ಇತ್ತು ಅತ್ತೆ. ಸುಡೋಕೆ ಮುಂಚೆ ಮಂಡಿ ಮೇಲಿಟ್ಟು ಒತ್ತಿ ನೋಡಿದ್ರೆ ಟಪ್ ಅಂತು. ಬಿಸಾಕ್ತಿದ್ದೆ, ಇವಳು ತಗೊಂಡಳು.”

ಇವಳು ಅಂದರೆ ಅವನ ಹೆಂಡತಿ ಮಾರ್ಸ್ಯಾ. ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಬಿಸಿಲಲ್ಲಿ ಮೀನು ಕೊಳೆಹಾಕಿದ ಜಾಡಿಗಳ ಸಾಲು. ಒಂದು ಜಾಡಿಯ ಮೇಲೆ ನಿಮ್ಮಮ್ಮ ಇದ್ದಳು, ಮೆನಿಂಗ್. ಮೇಲೆ ಒಂದು ಕಲ್ಲು ಬೇರೆ. “ಸರಿಯಾಗಿ ಕೂರುತ್ತೆ ಮಾಮ, ನೊಣ ಹೋಗಲ್ಲ” ಅಂತ ಮಾರ್ಸ್ಯಾ ಹೊಗಳಿದಳು. ನಾನು ಕಲ್ಲು ತೆಗೆದೆ, ಎರಡೂ ಕೈಯಲ್ಲಿ ಎತ್ತಿದೆ. ಎತ್ತಿದ ಭಾರಕ್ಕೇ ಗೊತ್ತಾಯಿತು. ಅಂಚಿನಲ್ಲಿ ಉಗುರಿನಿಂದ ಒಂದು ಅಕ್ಕಿಕಾಳಿನಷ್ಟು ಅರಗು ಕೆರೆದು ಸೂರ್ಯನಿಗೆ ಹಿಡಿದೆ. ಹಸಿರು ಬೆಳಕು ಅಂಚಿನಗುಂಟ ಓಡಿತು, ಹೊಳೆಯ ನೀರಿನ ಹಾಗೆ. ಗಾಜು. ಅಂಚಿನಿಂದ ನಡುವಿನ ಬಳೆಯವರೆಗೆ ಒಂದು ಬಿರುಕು, ಅರಗಿನ ಹಿಡಿತದಲ್ಲಿ ಮಾತ್ರ ನಿಂತಿತ್ತು. ತೇಲಾ ದಾರಿಯುದ್ದಕ್ಕೂ ಅದನ್ನು ತನ್ನ ಲಂಗದ ಅಂಚಿನಲ್ಲಿ ಒರೆಸುತ್ತ ಬಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಊರು ಊಟಮಾಡಿ ಒರಗಿದ್ದಾಗ ಹಾಕಿದೆವು. ಬಿರುಕಿನ ತಟ್ಟೆಗೆ ಆಧಾರವಾಗಲಿ ಅಂತ ಕೆಳಗೆ ಇನ್ನೊಂದು ತಟ್ಟೆ ಇಟ್ಟೆ. ಸೂಜಿಯ ತೋಳಿನ ಹಿಂದುಗಡೆ ಪೆಟ್ಟಿಗೆಯ ಬೀಗದಕೈ ಕಟ್ಟಿ ಭಾರ ಇಳಿಸಿದೆ, ನೊಣ ಕೂತಷ್ಟೇ ಭಾರ ಬೀಳುವ ಹಾಗೆ. ಅಂಥ ಕೆಲಸ ನನ್ನ ಕೈಯಲ್ಲಿ ಇನ್ನೂ ಇದೆ, ಅಷ್ಟನ್ನಾದರೂ ಹೇಳಿಕೊಳ್ಳುತ್ತೇನೆ. ತೇಲಾ ನಿನ್ನ ಕ್ಯಾಸೆಟ್ ಯಂತ್ರದ ಎರಡು ಗುಂಡಿ ಒಟ್ಟಿಗೆ ಒತ್ತಿ, ಒತ್ತಿದ ಬೆರಳನ್ನು ತೆಗೆಯದೆ ಹಾಗೇ ಕೂತಳು. ಬಿರುಕು ಬಂದಾಗಲೆಲ್ಲ ಟಕ್ ಅನ್ನುತ್ತಿತ್ತು. ಟಕ್, ಟಕ್, ಮರದ ಚಪ್ಪಲಿ ಹಾಕಿಕೊಂಡು ಯಾರೋ ಮೆಟ್ಟಿಲು ಹತ್ತಿ ಬರುತ್ತಿರುವ ಹಾಗೆ. ಆಮೇಲೆ ಅವಳು ಬಂದಳು.

“ಕೇಳಿಸ್ತಿದ್ಯಾ? ತಾಕ್ಯೊ, ಇದು ತಿರುಗ್ತಿದ್ಯೇನಯ್ಯ?” ಅಂತ ಶುರು. ನಾನು ಕೂತಲ್ಲೇ “ತಿರುಗ್ತಿದೆ ಅತ್ತಿಗೇ” ಅಂದುಬಿಟ್ಟೆ, ಕ್ಯಾಸೆಟ್ಟಿನಲ್ಲಿ ನನ್ನ ಈಗಿನ ಮುದಿ ಧ್ವನಿ ಕೇಳಿದರೆ ಬೈಯಬೇಡ. ಸೂರಿಗೆ ಹೊಸ ಹುಲ್ಲು ಹೊದಿಸಿದೆ, ಎಮ್ಮೆ ಕರು ಹಾಕಿದೆ, ಹಣೆಯಲ್ಲಿ ಬಿಳಿ ಇದೆ, ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ ಅಂತ ಹೇಳಿದಳು. “ನೀವು ಸರಿಯಾಗಿ ಉಣ್ಣಲ್ಲ ಅಂತ ಬರೆದಿದ್ದೀರಿ. ಉಣ್ಣಿ. ಅಲ್ಲಿನ ಅನ್ನ ಸಪ್ಪೆ ಅಂತ ಬಿಡಬೇಡಿ, ಉಪ್ಪು ಹಾಕ್ಕೊಂಡು ಉಣ್ಣಿ.” ಆಮೇಲೆ ಸ್ವಲ್ಪ ಹೊತ್ತು ಉಸಿರು ಮಾತ್ರ. ಆಮೇಲೆ ಹೊಳೆಯ ದಡದಲ್ಲಿ ಕರೆಯುವ ಹಾಗೆ ಧ್ವನಿ ಎತ್ತಿ: “ಕ್ರಿಸ್ಪುಲೊ, ಬಾ. ಹೋಗೋಣ. ಹಿಂದೆ ಉಳೀಬೇಡ. ಕ್ರಿಸ್ಪುಲೊ, ಮನೆಗೆ ಬಾ.” ಗಂಡನ ಹೆಸರನ್ನು ಅವಳು ಜೋರಾಗಿ ಕರೆದದ್ದು ನಾನು ಕೇಳಿದ್ದು ಅವತ್ತು ಮಾತ್ರ. ಕೊನೆಗೆ ಒಂದು ಕೋಳಿ ಕೂಗುತ್ತದೆ. ಅದು ನನ್ನ ಬುಲಿಕ್! ಮೂರು ಊರಿನ ಅಂಕದಲ್ಲಿ ಸೋಲದೆ ಬಂದ ಹುಂಜ, ಅದರ ಗಂಟಲು ನನಗೆ ಗೊತ್ತಾಗದೆ ಇರುತ್ತದೆಯೇ? ಅವತ್ತು ಅದು ಅಂಗಡಿಗೆ ನುಗ್ಗಿತ್ತು, ಅಟ್ಟುವುದಕ್ಕೆ ಹೋಗಿ ನಾನು ಸೂಜಿ ಎತ್ತುವುದು ತಡವಾಗಿತ್ತು. ಹುಂಜ ಕೂಗಿದ್ದಕ್ಕೆ ನನಗೆ ನಗುವೂ ಬಂತು, ಅಳುವೂ ಬಂತು. ತೇಲಾ ಮುಖ ಮುಚ್ಚಿಕೊಂಡಳು.

ಸೂಜಿ ದಾಟಿದ ಹಿಂದೆಯೇ ಅರಗು ಸುರುಳಿ ಸುರುಳಿಯಾಗಿ ಎದ್ದು ಬೀಳುತ್ತಿತ್ತು. ತಟ್ಟೆ ನಿಂತಾಗ ಅದರ ಮೈಮೇಲೆ ಕಪ್ಪು ಅಲ್ಲಲ್ಲಿ ಮಾತ್ರ ಇತ್ತು, ಉಳಿದಲ್ಲೆಲ್ಲ ಬೆಳಕು ನೇರ ಹಾದು ನೆಲಕ್ಕೆ ಬೀಳುತ್ತಿತ್ತು. ಈಗ ಅದು ಗಾಜು ಅಂತ ಯಾರು ಬೇಕಾದರೂ ಹೇಳಬಹುದು, ನನ್ನಂಥವನು ಬೇಕಾಗಿಲ್ಲ. ತೇಲಾ ಅದನ್ನು ತೊಳೆದು ನಿಮ್ಮಮ್ಮನ ಫೋಟೋ ಮುಂದೆ ಒರಗಿಸಿದ್ದಾಳೆ. ಅಗಾಪಿತೊ ಕೊಟ್ಟ ಮಾತಿನಂತೆ ಹೊಸ ಪಾತ್ರೆ ತಂದಿಟ್ಟು ಹೋದ. ಚೆನ್ನಾಗಿಯೇ ಎರೆದಿದ್ದಾನೆ, ತಳ ದಪ್ಪ, ಅನ್ನ ಸೀಯುವುದಿಲ್ಲ. ಅದರಲ್ಲಿ ಮೊದಲ ಸಲ ಅನ್ನ ಮಾಡಿದಾಗ ನಾವಿಬ್ಬರೂ ತಲೆ ತಗ್ಗಿಸಿಕೊಂಡು ಉಂಡೆವು.

ಕ್ಯಾಸೆಟ್ಟನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನಾಳೆ ಹವಾಯಿಗೆ ವಿಮಾನ ಹತ್ತುವ ನಮ್ಮೂರ ದೊಡ್ಡಮನೆಯ ದೋನ್ಯಾ ಬಾಲ್ಬಿನಾ ಕೈಲಿ ಕಳಿಸುತ್ತಿದ್ದೇನೆ, ಅಂಚೆಯನ್ನು ನಂಬಲಿಲ್ಲ. ಬಿಸಿಲಿನಲ್ಲಿ ಇಡಬೇಡ. ನಿಮ್ಮಪ್ಪನಿಗೆ ಇದು ಅವನು ಕೇಳಿದ ತಟ್ಟೆಯಲ್ಲ, ಮನೆಯಲ್ಲೇ ಉಳಿದಿದ್ದ ಎರಡನೆಯದು ಅಂತ ಹೇಳು. ಈ ಮಾತುಗಳನ್ನು ಅವನು ಒಮ್ಮೆಯೂ ಕೇಳಿಲ್ಲ. ಅವನ ಕೈ ಹಿಡಿದು ತಮ್ಮ ತಾಕ್ಯೊ ಕ್ಷೇಮ ಕೇಳಿದ ಅಂತ ಹೇಳು, ಯಾರು ತಾಕ್ಯೊ ಅಂದರೆ ಕುಂಟು ಹಂದಿ ಕೊಟ್ಟವನು ಅನ್ನು, ನೆನಪಾದೀತು. ಮಕ್ಕಳಿಗೆ ನನ್ನ ಮುತ್ತು. ಅಳಿಯಂದಿರಿಗೆ ನಮಸ್ಕಾರ. ದೇವರು ನಿಮ್ಮ ಮನೆಯ ಬಾಗಿಲು ಕಾಯಲಿ, ನಿನ್ನ ಬೆರಳು ವಾಸಿಯಾಗಲಿ.

ನಿನ್ನ ಚಿಕ್ಕಪ್ಪ,
ತಾಕ್ಯೊ

ತಾ.ಕ. ಬಾಲ್ಬಿನಾಳ ಜೀಪು ಬಂದು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಕೆಟ್ಟರೆ ಕ್ಷಮಿಸು. ತೇಲಾ ಬರೆಯಬೇಡಿ ಅಂದಳು, ಬರೆಯದೆ ಕಳಿಸಲು ನನಗೆ ಧೈರ್ಯವಿಲ್ಲ. ಅವತ್ತು ನಿಮ್ಮಮ್ಮ ಕರೆದಾಗ ಈ ಊರಲ್ಲಿ ನಿಂತು ಕರೆದಳು. ಈಗ ಅವಳಿರುವುದು ಎಲ್ಲಿ? ಅಲ್ಲಿಂದ ಬಾ ಅಂದರೆ ಎಲ್ಲಿಗೆ ಬಾ ಅಂದ ಹಾಗೆ? ಅಣ್ಣ ಸಂಜೆಯಾದರೆ ಬಾಗಿಲಲ್ಲಿ ಕೂತು ಕಾಯುತ್ತಿರುವುದು ಆ ಕರೆಗೇ. ಉಂಡಾನು ಅಂತ ನೀನು ಕೇಳಿದೆ. ಉಣ್ಣಲೂಬಹುದು, ಎದ್ದು ಹೋಗಲೂಬಹುದು. ಅವನನ್ನು ಕಳಿಸಿಕೊಡಲು ನಿನಗೆ ಮನಸ್ಸಾದ ದಿನ ಕ್ಯಾಸೆಟ್ ಹಾಕು, ಅದಕ್ಕೆ ಮುಂಚೆ ಬೇಡ. ಹಾಕುವ ಮೊದಲು ನಿನ್ನ ಕೈಯಾರೆ ಒಂದು ತುತ್ತು ಕೊಡು, ಉಪ್ಪು ಹಾಕಿ. ಇನ್ನೊಂದು. ನನ್ನ ಬುಲಿಕ್ ಕೂಗಿದ ತಕ್ಷಣ ಯಂತ್ರ ನಿಲ್ಲಿಸಿಬಿಡು. ಮರೆಯಬೇಡ. ಅದರ ಮುಂದೆಯೂ ಇದೆ. ನೀನು ಅವತ್ತು ಯಂತ್ರಕ್ಕೆ ಹೆದರಿ ಮೇಜಿನ ಕೆಳಗೆ ಅವಿತು ಕೂತಿದ್ದೆ. ಅಂಗಡಿ ಬಿಟ್ಟು ಹೊರಡುವಾಗ ನಿನ್ನ ಜೀವ ಅಲ್ಲೇ ಕೂತುಬಿಟ್ಟೀತು ಅಂತ ನಿಮ್ಮಮ್ಮ ಬಾಗಿಲಲ್ಲಿ ತಿರುಗಿ ನಿಂತು ನಿನ್ನ ಹೆಸರು ಹಿಡಿದು ಕರೆದಳು, ಅದೂ ತಟ್ಟೆಯಲ್ಲಿ ಬಿದ್ದಿತ್ತು. ಆಗ ನೀನು ಎದ್ದು ಓಡಿಹೋಗಿ ಅವಳ ಲಂಗ ಹಿಡಿದೆ. ಈಗ ಅದನ್ನು ಕೇಳಬೇಡ ಮಗಳೇ. ನಿನಗೆ ಮಕ್ಕಳಿದ್ದಾರೆ. ಹುಂಜ ಕೂಗಿದ ಕೂಡಲೇ ಗುಂಡಿ ಒತ್ತು. ನೀನು ಹಿಂದೆ ಉಳಿ.